ಹತ್ತು ರೂಪಾಯಿ ಓಟಿನ ಫಂಡಿಗೆ ಊರವರನ್ನು ಸೇರಿಸುವ ಮೊದಲು ಇದನ್ನು ಓದಿ

ಕಾಪು, ಕಟಪಾಡಿ, ಮೂಲ್ಕಿ ಕಡೆಯ ಯುವಕ ಮಂಡಲದವರು, ಮಹಿಳಾ ಮಂಡಲದವರು ದಯವಿಟ್ಟು ಪೂರ್ತಿ ಓದಿ. "ನಿಮ್ಮ ಪ್ರಾಜೆಕ್ಟಿಗೆ ಜನ ಹತ್ತತ್ತು ರೂಪಾಯಿ ಹಾಕ್ಲಿ, ಮೇಲಿಂದ ನಾವು ಮ್ಯಾಚಿಂಗ್ ಫಂಡ್ (ಜನ ಹಾಕಿದ್ದಕ್ಕೆ ಸೇರಿಸಿ ಕೊಡುವ ದುಡ್ಡು) ಕೊಡ್ತೇವೆ" ಅಂತ ಯಾರಾದ್ರೂ ಬಂದ್ರೆ ಕೂಡ್ಲೇ ಹೂಂ ಅನ್ಬೇಡಿ.

ನಮ್ಮ ವಾಚನಾಲಯದ ಮಾಡು ಸೋರ್ತಾ ಉಂಟು, ಹಂಚು ಬದಲಾಯಿಸ್ಲಿಕ್ಕೆ ಅಂತ ಇಂಥದ್ದೇ ಒಂದು ಫಂಡಿಗೆ ಅರ್ಜಿ ಹಾಕಿದ್ದು. ಇವರ ಲೆಕ್ಕದಲ್ಲಿ ದುಡ್ಡು ಎಷ್ಟು ಬಂತು ಅನ್ನೋದಕ್ಕಿಂತ ಎಷ್ಟು ಜನ ಕೊಟ್ರು ಅನ್ನೋದು ದೊಡ್ಡದು, ಒಬ್ಬೊಬ್ಬರು ಹಾಕಿದ್ದು ಒಂದೊಂದು ಓಟು ಇದ್ದ ಹಾಗೆ. ಒಬ್ಬೊಬ್ಬರ ದುಡ್ಡಿನ ವರ್ಗಮೂಲ ತೆಗೆದು, ಎಲ್ಲ ಕೂಡಿಸಿ, ಬಂದದ್ದನ್ನು ಅದರಿಂದಲೇ ಗುಣಿಸ್ತಾರೆ. ಒಬ್ಬನೇ 1000 ಕೊಟ್ರೆ 1000ವೇ. ಅದೇ 1000 ನೂರು ಜನ ಹತ್ತತ್ತು ಅಂತ ಕೊಟ್ರೆ 1 ಲಕ್ಷ! ಆ ಪ್ರಮಾಣದಲ್ಲಿ ಫಂಡ್ ಹಂಚೋದು. ಒಳ್ಳೆ ಯೋಚನೆಯೇ, ಅದಕ್ಕೇ ನಾವು ಬೀಡಿ ಕಟ್ಟುವ ಅಕ್ಕಂದಿರ ಮನೆಗೆ, ಮೀನು ಮಾರ್ಕೆಟಿಗೆ ಹೋಗಿ ಒಬ್ಬೊಬ್ಬರ ಮೊಬೈಲಿಗೆ ಓಟಿಪಿ ಬರುವವರೆಗೆ ಕಾದು ಹಾಕಿಸಿದ್ದು. ಎಲ್ಲ ನಿಜವಾದ ಜನ, ಎದುರು ನಿಂತ ಜನ.

ಮುಗೀಲಿಕ್ಕೆ ಸ್ವಲ್ಪ ಇರುವಾಗ ಇನ್ನೊಂದು ಪ್ರಾಜೆಕ್ಟ್ ಎಲ್ಲಿಂದಲೋ ಮೇಲೆ ಬಂತು. ಲಿಸ್ಟ್ ತೆಗೆದು ನೋಡ್ತೇನೆ, ಹತ್ತು ರೂಪಾಯಿ, ಹತ್ತು ರೂಪಾಯಿ, ಹತ್ತು ರೂಪಾಯಿ, ಒಂದೇ ನಿಮಿಷದಲ್ಲಿ ಸಾಲಾಗಿ, ಒಂದೇ ಹೆಸರು ಒಮ್ಮೆ ಇನಿಶಿಯಲ್ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಇನಿಶಿಯಲ್ಲೇ ಇಲ್ಲ. ಕೈಕಾಲು ತಣ್ಣಗಾಯ್ತು ಮಾರಾಯ್ರೆ. ಮತ್ತೆ ನಮ್ಮ ಊರಿನ ಕಾಲೇಜು ಹುಡುಗನೇ ಫೋನ್ ತೋರಿಸಿದ, "10 ಹಾಕಿ ಸ್ಕ್ರೀನ್‌ಶಾಟ್ ಕಳ್ಸಿ, 50 ಜಿಪೇ ಮಾಡ್ತೇವೆ" ಅಂತ ಮೆಸೇಜ್.

ಎಲ್ಲ ಸೇರಿಸಿ ಫಂಡಿನವರಿಗೆ ಕಳ್ಸಿದೆ. "ಸರ್, ಎಲ್ಲ ಓಟಿಪಿ ವೆರಿಫೈಡ್" ಅಂತ ಉತ್ತರ. ಒಬ್ಬರ ಹೆಸರಲ್ಲೇ 9 ಸಿಮ್ ಇಟ್ಕೊಳ್ಲಿಕ್ಕೆ ಬಿಡ್ತಾರೆ ನಮ್ಮಲ್ಲಿ, ಓಟಿಪಿ ಬಂದ್ರೆ ನಂಬರ್ ಉಂಟು ಅಂತ ಆಯ್ತು, ಒಬ್ಬ ಮನುಷ್ಯ ಉಂಟು ಅಂತ ಹೇಗೆ ಆಯ್ತು? ಅಂತ ಕೇಳಿದ್ದಕ್ಕೆ "ನಿಮ್ಮ ಫೀಡ್‌ಬ್ಯಾಕ್ ನೋಟ್ ಮಾಡಿದ್ದೇವೆ". ಸ್ಕ್ರೀನ್‌ಶಾಟಿನ ವಿಷಯಕ್ಕೆ "ಅದು ಅವರ ಪ್ರಚಾರ, ನಾವು ಹೇಗೆ ತಡೆಯೋದು?" ಹೇಗೆ ತಡೆಯೋದು ಅಂತ ನನ್ನ ಹತ್ರ ಕೇಳ್ತಾರೆ! ಕೊನೆಗೆ ಒಂದು ಮಾತು, "ಸೋತವರೆಲ್ಲ ಹೀಗೇ ಹೇಳ್ತಾರೆ ಸರ್". ಅದು ಇನ್ನೂ ಚುಚ್ತಾ ಉಂಟು. ಇಲ್ಲಿ ಅಕ್ಕಂದಿರು "ಹಂಚು ಯಾವಾಗ ಬರ್ತದೆ" ಅಂತ ಕೇಳುವಾಗ ಮುಖ ಎತ್ಲಿಕ್ಕೆ ಆಗುವುದಿಲ್ಲ.

ತಡೀಲಿಕ್ಕೆ ದಾರಿ ಇಲ್ಲ ಅಂತ ಹೇಳೋದೇ ಸುಳ್ಳು. ಈ ವರ್ಗಮೂಲದ ಲೆಕ್ಕವನ್ನು 2018ರಲ್ಲಿ ಒಂದು ಪ್ರಬಂಧದಲ್ಲಿ ಬರೆದ ಇಥೀರಿಯಂ ಕ್ರಿಪ್ಟೋದ ವಿಟಾಲಿಕ್ ಬುಟೆರಿನ್, ಅರ್ಥಶಾಸ್ತ್ರದ ಜೋಯಿ ಹಿಟ್ಜಿಗ್, ಗ್ಲೆನ್ ವೈಲ್ ಅವರೇ ಒಳಒಪ್ಪಂದ, ಮೋಸದ ಅಪಾಯ ಉಂಟು ಅಂತ ಅದರಲ್ಲೇ ಹೇಳಿದ್ದಾರೆ. 2019ರಲ್ಲಿ ಬುಟೆರಿನ್ ಮಾಸಿ (MACI) ಅಂತ ಓಟು ಮಾರೋದನ್ನು ತಡೆಯುವ ಒಂದು ವಿಧಾನ ಕೊಟ್ರು, ಅದರಲ್ಲಿ ಹಾಕಿದ ಓಟನ್ನು ಆಮೇಲೆ ಗುಟ್ಟಾಗಿ ಬದಲಾಯಿಸಬಹುದು, ಹಾಗಾಗಿ ಏನು ತೋರಿಸಿದ್ರೂ ದುಡ್ಡು ಕೊಡುವವನಿಗೆ ಗ್ಯಾರಂಟಿ ಇಲ್ಲ. ನಕಲಿ ಹೆಸರು ಮಾತ್ರ ಅದರಿಂದ ಸಿಕ್ಕುವುದಿಲ್ಲ, ಅದಕ್ಕೆ ಬೇರೆ ತಪಾಸಣೆಯೇ ಬೇಕು. ನಮ್ಮ ಮತಗಟ್ಟೆಯಲ್ಲಿ ಎರಡೂ ಉಂಟಲ್ಲ! 1962ರಿಂದ ಮೈಸೂರಿನ ಶಾಯಿ ಬೆರಳಿಗೆ ಹಚ್ಚೋದು ಎರಡು ಸಲ ಹಾಕ್ಬಾರ್ದು ಅಂತ, ಮೊಬೈಲ್ ಒಳಗೆ ಬಿಡದ್ದು ಗುಟ್ಟು ಉಳೀಲಿ ಅಂತ.

ಈಗ ಫಂಡಿನವರು ಮಣಿಪಾಲ, ಸುರತ್ಕಲ್ ಕಡೆ ಎರಡನೇ ರೌಂಡಿಗೆ ಅರ್ಜಿ ಕರೀತಿದ್ದಾರೆ. ಒಬ್ಬರಿಗೆ ಒಂದೇ ಓಟು ಅಂತ ಹೇಗೆ ನೋಡ್ತೀರಿ, ಸ್ಕ್ರೀನ್‌ಶಾಟ್ ತೋರಿಸಿ ಮಾರಿದ್ರೆ ಏನು ಮಾಡ್ತೀರಿ, ದುಡ್ಡು ಹಂಚುವ ಮೊದಲು ತಕರಾರಿಗೆ ಟೈಮ್ ಉಂಟಾ ಅಂತ ಮೊದಲೇ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ, ಫೋನಲ್ಲಿ ಹೇಳಿದ್ದು ಬೇಡ. ಕೊಡದಿದ್ರೆ ಊರವರ ಒಂದು ರೂಪಾಯಿಯೂ ಹಾಕಿಸ್ಬೇಡಿ. ಅವರು ನನಗೆ ಬರೆದ ಮೇಲ್ ಎಲ್ಲ ಇಟ್ಟಿದ್ದೇನೆ, ಯಾವ ಮಂಡಲದವರಿಗಾದ್ರೂ ಬೇಕಿದ್ರೆ ಮೆಸೇಜ್ ಮಾಡಿ, ಕಳಿಸ್ತೇನೆ.