ಸ್ಪ್ಲಿಟ್‌ನಿಂದ ಹ್ವಾರ್‌ಗೆ: ಕ್ಯಾಟಮರಾನ್ ಬಿಟ್ಟು ಫೆರ್ರಿ ಹಿಡಿದ ಮೇಲೆ

ಕೆಲಸಕ್ಕೆ ಅಂತ ಕ್ರೊಯೇಷಿಯಾದ ಸ್ಪ್ಲಿಟ್‌ಗೆ ಬಂದು ನಾಲ್ಕು ವರ್ಷ ಆಯ್ತು. ತಿಂಗಳಿಗೆ ಎರಡು ಸಲವಾದರೂ ಹ್ವಾರ್ ದ್ವೀಪಕ್ಕೆ ಹೋಗಿಬರುತ್ತೇನೆ. ಮೊದಲು ಕ್ಯಾಟಮರಾನ್ (ಎರಡು ಒಡಲಿನ ವೇಗದ ಹಡಗು) ಬಿಟ್ಟು ಬೇರೇನೂ ಹತ್ತಿದವನಲ್ಲ. ಒಂದು ಗಂಟೆಯಲ್ಲಿ ಹ್ವಾರ್ ಪಟ್ಟಣದ ಮುಂದೆಯೇ ಇಳಿಸುತ್ತದೆ, ಇನ್ನೇನು ಬೇಕು ಅಲ್ವಾ?

ಆದರೆ ಒಳಗೆ ಕೂತರೆ ಬಸ್ಸಿನಲ್ಲಿ ಕೂತ ಹಾಗೇ. ಸಾಲು ಸೀಟು, ತೆರೆಯದ ಕಿಟಕಿ, ಗಾಜಿನ ಮೇಲೆ ಉಪ್ಪು ಒಣಗಿ ಬೆಳ್ಳಗಾದ ಪೊರೆ. ಬೇಸಿಗೆಯಲ್ಲಿ ಟಿಕೆಟ್ ಬೇಗ ಖಾಲಿ. ದ್ವೀಪದಲ್ಲೇ ಮನೆ ಇರುವವರಿಗೆ ರಿಯಾಯಿತಿ ಉಂಟು, ನನ್ನಂಥವರಿಗೆ ಇಲ್ಲ. ಇಷ್ಟನ್ನೂ ಸಹಿಸಿಕೊಂಡಿದ್ದೆ.

ತಾಳ್ಮೆ ಕೆಡಿಸಿದ್ದು ಯೂಗೊ. ಆಗ್ನೇಯದಿಂದ ಬರುವ ಗಾಳಿ ಅದು. ಮೈಗೆ ಅಂಟುವ ತೇವ ಹೊತ್ತು ತರುತ್ತದೆ, ದಿನಗಟ್ಟಲೆ ಬೀಸಿ ಅಲೆ ಏರಿಸುತ್ತದೆ. ಹಗುರವಾದ ಕ್ಯಾಟಮರಾನ್‌ಗೆ ಆಗಿಬರುವುದಿಲ್ಲ. ಎರಡನೇ ಚಳಿಗಾಲದಲ್ಲಿ ಒಂದು ಬೆಳಗ್ಗೆ ಬ್ಯಾಗು ಹಿಡಿದು ದಕ್ಕೆಯಲ್ಲಿ ನಿಂತಿದ್ದೆ. ಹೊರಡುವ ಹೊತ್ತು ಮೀರಿತು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬಾತ ಬಂದು ಗಾಜಿಗೆ ಚೀಟಿ ಅಂಟಿಸಿ ಹೋದ: ರದ್ದು. ಗಾಳಿಗೆ ರದ್ದು ಮಾಡಿದ್ದು ಸರಿಯೇ, ಒಂದು ಮಾತು ಮೊದಲೇ ಹೇಳಬಾರದಿತ್ತಾ?

ಅದೇ ಸಿಟ್ಟಿನಲ್ಲಿ ಹೋಗಿ ಕಾರು ಸಾಗಿಸುವ ದೊಡ್ಡ ಫೆರ್ರಿ ಹತ್ತಿದೆ. ಇದಕ್ಕೆ ಸುಮಾರು ಎರಡು ಗಂಟೆ ಬೇಕು. ಇಳಿಸುವುದೂ ದ್ವೀಪದ ಇನ್ನೊಂದು ಬದಿಯ ಸ್ಟಾರಿ ಗ್ರಾಡ್‌ನಲ್ಲಿ. ಹ್ವಾರ್ ಪಟ್ಟಣಕ್ಕೆ ಅಲ್ಲಿಂದ ಮತ್ತೆ ಬಸ್ಸು. ಆವತ್ತು ಹಡಗು ಚೆನ್ನಾಗಿಯೇ ತೂಗಾಡಿತು. ಎದುರಿಗೆ ಕೂತ ಮುದುಕರು ಮಾತ್ರ ಒಂದು ಕೈಯಲ್ಲಿ ಲೋಟ ಹಿಡಿದುಕೊಂಡೇ ಬ್ರಿಷ್ಕುಲಾ ಇಸ್ಪೀಟು ಆಡುತ್ತಿದ್ದರು. ನನಗೆ ನಗು ಬಂತು.

ಈಗ ನನ್ನದೊಂದು ಅಭ್ಯಾಸವೇ ಆಗಿಬಿಟ್ಟಿದೆ. ಕಾಫಿ ತೆಗೆದುಕೊಂಡು ಸೀದಾ ಮೇಲಿನ ಡೆಕ್, ಚಿಮಣಿ ಹತ್ತಿರದ ಬೆಂಚು. ಚಳಿಗಾಲದಲ್ಲೂ ಬೆನ್ನು ಬೆಚ್ಚಗಿರುತ್ತದೆ. ಹಿಂದೆ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಅರಮನೆ ಚಿಕ್ಕದಾಗುತ್ತಾ ಹೋಗುತ್ತದೆ. ಸುಮಾರು 1,700 ವರ್ಷದ ಹಿಂದೆ, ಪಟ್ಟ ಬಿಟ್ಟ ಮೇಲೆ ಆರಾಮಾಗಿರೋಣ ಅಂತ ಕಟ್ಟಿಸಿಕೊಂಡ ಮನೆ ಅದು. ಬ್ರಾಚ್, ಶೋಲ್ಟಾ ದ್ವೀಪಗಳ ನಡುವಿನ ಇಕ್ಕಟ್ಟು ಬಂದಾಗ ಕಾಫಿ ಮುಗಿದಿರಬೇಕು, ಅದು ಲೆಕ್ಕ. ಅಲ್ಲಿ ಮ್ರ್‌ದೂಯಾ ಅನ್ನುವ ಪುಟ್ಟ ನಡುಗಡ್ಡೆ ಇದೆ. ಇದು ನಮ್ಮದು, ನಮ್ಮದು ಅಂತ ಎರಡೂ ದ್ವೀಪದವರು ಹಗ್ಗ ಕಟ್ಟಿ ಎಳೆದಾಡಿದರಂತೆ. ಎಳೆದವರು ಸೋತರು, ನಡುಗಡ್ಡೆ ಅಲ್ಲೇ ಇದೆ.

ದಡ ಹತ್ತಿರ ಬಂದಾಗ ಕೆಳಗೆ ಬಗ್ಗಿ ನೋಡುವುದನ್ನು ನಾನು ತಪ್ಪಿಸುವುದಿಲ್ಲ. ಮೊದಲು ಸಣ್ಣ ಹಗ್ಗ ಎಸೆಯುತ್ತಾರೆ, ತುದಿಯಲ್ಲಿ ಮುಷ್ಟಿಯಷ್ಟು ದಪ್ಪ ಗಂಟು. ದಕ್ಕೆಯ ಮೇಲಿನವನು ಅದನ್ನು ಹಿಡಿದು ಎಳೆದರೆ, ಹಿಂದೆಯೇ ತೋಳುಗಾತ್ರದ ಹಗ್ಗ ನೀರು ಸುರಿಸುತ್ತಾ ಬರುತ್ತದೆ. ಅದರ ಕುಣಿಕೆಯನ್ನು ಕಬ್ಬಿಣದ ಗೂಟಕ್ಕೆ ಹಾಕುತ್ತಾನೆ. ಹಗ್ಗ ಬಿಗಿಯುವಾಗ ಒಮ್ಮೆ ಕಿರ್‍ರ್ ಅನ್ನುತ್ತದೆ. ಅಷ್ಟೇ.

ದೂರುಗಳೂ ಇವೆ. ಬಾಗಿಲು ತೆರೆಯುವ ಮೊದಲೇ ಕಾರಿನವರು ಎಂಜಿನ್ ಚಾಲೂ ಮಾಡುತ್ತಾರೆ. ಕೆಳಗಿನ ಡೆಕ್ಕಲ್ಲಿ ಹೊಗೆ ಮೂಗಿಗೆ ಹೊಡೆಯುತ್ತದೆ, ಅವಸರ ಪಡದೆ ಮೇಲೇ ನಿಲ್ಲಿ. ಚಳಿಗಾಲದಲ್ಲಿ ಹಡಗುಗಳು ಕಡಿಮೆ, ವೇಳಾಪಟ್ಟಿ ನೋಡದೆ ಹೊರಡಬೇಡಿ. ಕಾರು ಹತ್ತಿಸಿದರೆ ದುಡ್ಡು ಹಲವು ಪಟ್ಟು, ನಾನು ಯಾವತ್ತೂ ಕಾಲ್ನಡಿಗೆಯವನೇ.

ಸ್ಟಾರಿ ಗ್ರಾಡ್‌ನಲ್ಲಿ ಇಳಿದ ತಕ್ಷಣ ಎಲ್ಲರೂ ಹ್ವಾರ್ ಬಸ್ಸಿಗೆ ಓಡುತ್ತಾರೆ. ಮೊದಮೊದಲು ನಾನೂ ಓಡುತ್ತಿದ್ದೆ. ಈಗ ಬಸ್ಸು ಹೋಗಲಿ ಅಂತ ಬಿಟ್ಟು ಊರೊಳಕ್ಕೆ ನಡೆಯುತ್ತೇನೆ. ಕ್ರಿ.ಪೂ. 384ರಲ್ಲಿ ಪಾರೋಸ್ ದ್ವೀಪದಿಂದ ಬಂದ ಗ್ರೀಕರು ಕಟ್ಟಿದ ಊರು. ಅವರು ಹೊಲಗಳನ್ನು ಬೇರ್ಪಡಿಸಲು ಹಾಕಿದ ಕಲ್ಲುಗೋಡೆಗಳ ನಡುವೆ ಇವತ್ತಿಗೂ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ. ಹ್ವಾರ್ ಪಟ್ಟಣದ ಗದ್ದಲ ಇಲ್ಲಿಲ್ಲ. 16ನೇ ಶತಮಾನದ ಕವಿ ಪೆತಾರ್ ಹೆಕ್ಟೊರೊವಿಚ್ ಕಟ್ಟಿಸಿದ ಮನೆಯೊಳಗೆ ಒಂದು ಮೀನುಕೊಳ ಇದೆ. ಸುಮ್ನೆ ಅದರ ಅಂಚಿನಲ್ಲಿ ಕೂರುತ್ತೇನೆ.

ಫೆರ್ರಿಗೆ ಐದಕ್ಕೆ ನಾಲ್ಕು. ಒಂದು ಕಡಿದದ್ದು ಕಾಫಿಗೆ, ಅದು ನಾನು ಫೆರ್ರಿ ಹತ್ತಿದಾಗಿನಿಂದ ಒಂದು ದಿನವೂ ಸುಧಾರಿಸಿಲ್ಲ. ಇನ್ನು ಸೋಮವಾರ ಬೆಳಗ್ಗೆ ಆಫೀಸು ಮುಟ್ಟಬೇಕು ಅಂದರೆ ಈಗಲೂ ಕ್ಯಾಟಮರಾನೇ ಗತಿ.