ಹಸಿರು ದೀಪ ನಂಬಿ ಆಪ್ ಡಿಲೀಟ್ ಮಾಡಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೂಲಿ ಲೆಕ್ಕವೋ ಅಂಗಡಿ ಲೆಕ್ಕವೋ, ಏನನ್ನೇ ಮೊಬೈಲ್ ಆಪ್‌ನಲ್ಲಿ ಇಟ್ಟಿದ್ದರೂ ಅದು ಸೇವ್ ಆಗದೆ ಒದ್ದಾಡುವಾಗ ಲಾಗೌಟ್ ಮಾಡಬೇಡಿ, ಅನ್‌ಇನ್‌ಸ್ಟಾಲ್ ಮಾಡಬೇಡಿ. ತಮ್ಮ ಸೇವೆ ನಡೆಯುತ್ತಿದೆಯಾ ಕೆಟ್ಟಿದೆಯಾ ಅಂತ ಕಂಪನಿಯವರು ನೆಟ್‌ನಲ್ಲಿ ತೋರಿಸುವ ಸ್ಟೇಟಸ್ ಪೇಜ್ 'ಎಲ್ಲಾ ಸರಿ ಇದೆ' ಅಂದರೂ ಮಾಡಬೇಡಿ. ನಾನು ಮಾಡಿ ಕೆಟ್ಟೆ.

ನಮ್ಮದು ತೀರ್ಥಹಳ್ಳಿ ಕಡೆ. ಸ್ವಂತ ತೋಟ ಸ್ವಲ್ಪ, ಜೊತೆಗೆ ಅಕ್ಕಪಕ್ಕದ ನಾಲ್ಕು ತೋಟ ಚೇಣಿ, ಅಂದರೆ ಫಸಲು ಗುತ್ತಿಗೆ, ಹಿಡಿಯುತ್ತೇನೆ. ಸುಗ್ಗಿ ಬಂತೆಂದರೆ ಅಂಗಳದಲ್ಲಿ ಹದಿನಾಲ್ಕು ಜನ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಾರೆ. ಡಬ್ಬಕ್ಕೆ ಇಷ್ಟು ಅಂತ ಕೂಲಿ. ಮೊದಲೆಲ್ಲ ನೋಟ್‌ಬುಕ್ಕಿನಲ್ಲೇ ಬರೆಯುತ್ತಿದ್ದೆ. ಚೊಗರಿನ ಕೈಯಲ್ಲಿ ಮುಟ್ಟಿ ಮುಟ್ಟಿ ಪುಟವೆಲ್ಲ ಕಪ್ಪು. ಒಂದು ಯಾವುದು, ಏಳು ಯಾವುದು ಅಂತ ವಾರದ ಕೊನೆಗೆ ಜಗಳ. ಅದಕ್ಕೇ ವರ್ಷಕ್ಕೆ 2,400 ರೂಪಾಯಿ ಕೊಟ್ಟು ಒಂದು ಕೂಲಿ ಲೆಕ್ಕದ ಆಪ್ ಹಾಕಿಕೊಂಡೆ. ಎರಡು ಸುಗ್ಗಿ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು.

ಹೋದ ಸುಗ್ಗಿಯ ಒಂದು ಸಂಜೆ ನೋಡುತ್ತೇನೆ, ಬರೆದ ಪ್ರತಿ ಸಾಲಿನ ಪಕ್ಕ ಒಂದು ಪುಟ್ಟ ಕೇಸರಿ ಬಾಣ. ಅಂದರೆ ಲೆಕ್ಕ ಇನ್ನೂ ಫೋನಿನಲ್ಲೇ ಇದೆ, ಅವರ ಸರ್ವರ್‌ಗೆ ಹೋಗಿಲ್ಲ. ಹಿಂದಿನ ದಿನದ ಸಾಲುಗಳಿಗೂ ಅದೇ ಬಾಣ.

ಮಲೆನಾಡಿನವರಿಗೆ ಒಂದು ಚಾಳಿ ಇದೆ. ನೆಟ್ ಕೈಕೊಟ್ಟರೆ ತಪ್ಪು ನಮ್ಮ ಕಡೆಯದೇ ಅಂದುಕೊಳ್ಳುತ್ತೇವೆ. ಲೈನ್ ಮೇಲೆ ಮರ ಬಿದ್ದಿರಬೇಕು, ಟವರ್‌ಗೆ ಡೀಸೆಲ್ ಇಲ್ಲದಿರಬೇಕು, ಮಂಗ ವೈರ್ ಎಳೆದಿರಬೇಕು. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಹೌದು. ಹಾಗಾಗಿ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಸಿಮ್ ತೆಗೆದು ಹಾಕಿದೆ. ಟಾರ್ಚ್ ಹಿಡಿದು ಮನೆ ಹಿಂದಿನ ದರೆ ಹತ್ತಿ, ಮೂರು ಕಡ್ಡಿ ಸಿಗ್ನಲ್ ಬರುವ ಹಲಸಿನ ಮರದ ಬುಡದಲ್ಲಿ ನಿಂತೆ. ವಾಟ್ಸಾಪ್‌ನಲ್ಲಿ ಫೋಟೋ ಹೋಗುತ್ತಿದೆ, ಯೂಟ್ಯೂಬ್ ಓಡುತ್ತಿದೆ, ಬಾಣ ಮಾತ್ರ ಹಾಗೇ ಇದೆ.

ಕಂಪನಿಯ ಸ್ಟೇಟಸ್ ಪೇಜ್ ತೆಗೆದೆ. ಸಾಲಾಗಿ ಹಸಿರು ದೀಪ. ಲಾಗಿನ್ ಹಸಿರು, ರಿಪೋರ್ಟ್ ಹಸಿರು, ಫೋನಿನ ಲೆಕ್ಕ ಸರ್ವರ್‌ಗೆ ಕಳಿಸುವ ಸಿಂಕ್ ಕೂಡ ಹಸಿರು. ಸಹಾಯವಾಣಿಗೆ ಫೋನ್ ಮಾಡಿದರೆ ಆ ಹುಡುಗನೂ ಅದೇ ಪೇಜ್ ನೋಡಿಕೊಂಡು ಹೇಳಿದ: "ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್, ಒಂದ್ಸಲ ಅನ್‌ಇನ್‌ಸ್ಟಾಲ್ ಮಾಡಿ ಹಾಕಿ ನೋಡಿ."

ದರೆ ಮೇಲೆ ನಿಂತೇ ಮಾಡಿದೆ. ಆಪ್ ಹೊಸದಾಗಿ ತೆರೆದುಕೊಂಡಿತು, ಬಾಣ ಒಂದೂ ಇಲ್ಲ. ಖುಷಿಯಾಯಿತು. ಕೆಳಗಿಳಿದು ಬಂದು ನೋಡಿದರೆ ಆ ಎರಡು ದಿನದ ಸಾಲುಗಳೂ ಇಲ್ಲ! ಫೋನಿನಲ್ಲಿ ಮಾತ್ರ ಇದ್ದ ಲೆಕ್ಕ ಆಪ್ ಜೊತೆಗೇ ಹೋಯಿತು.

ಹದಿನಾಲ್ಕು ಜನರ ಎರಡು ದಿನದ ದುಡಿಮೆ. ಮೂವರು ತಮ್ಮ ಲೆಕ್ಕ ತಾವೇ ಇಟ್ಟಿದ್ದರು. ಅದರಲ್ಲಿ ಒಬ್ಬರದು ಡಬ್ಬಕ್ಕೊಂದರಂತೆ ಎಲೆಚೀಲಕ್ಕೆ ಹಾಕಿಕೊಂಡ ಅಡಿಕೆ, ಅದರಲ್ಲೂ ಎಷ್ಟನ್ನು ಮರೆತು ಜಗಿದರೋ ಅವರಿಗೇ ಗೊತ್ತಿಲ್ಲ. ಉಳಿದವರದು ಬಾಯಿ ಲೆಕ್ಕ. ಹೇಳಿದಷ್ಟೂ ಕೊಟ್ಟೆ. ಬೇಯಿಸಿದ ಅಡಿಕೆಗೆ ತಾಳೆ ಹಾಕಿದಾಗ ಆರೇಳು ಡಬ್ಬ ಜಾಸ್ತಿ ಬಂತು, ಇರಲಿ. ಆದರೆ ಕೊಡುವ ಮೊದಲು ಒಬ್ಬರನ್ನು "ಅಷ್ಟಾಯ್ತಾ?" ಅಂತ ಕೇಳಿಬಿಟ್ಟಿದ್ದೆ. ಮರುದಿನ ಅವರು ಬರಲಿಲ್ಲ, ಜೊತೆಗೆ ಬರುತ್ತಿದ್ದ ಅವರ ತಂಗಿಯೂ ಬರಲಿಲ್ಲ. ಸುಗ್ಗಿ ಮಧ್ಯೆ ಸುಲಿಯುವವರು ಸಿಗುವುದು ಎಷ್ಟು ಕಷ್ಟ ಅಂತ ತೋಟ ಇದ್ದವರಿಗೆ ಹೇಳಬೇಕಿಲ್ಲ ಅಲ್ವಾ?

ಮಾರನೇ ದಿನ ಹನ್ನೊಂದು ಗಂಟೆಗೆ ಸ್ಟೇಟಸ್ ಪೇಜಿನಲ್ಲಿ ಒಂದು ಸಾಲು ಬಂತು. ಎರಡು ದಿನದಿಂದ 'ಕೆಲವು ಬಳಕೆದಾರರಿಗೆ' ಸಿಂಕ್ ನಿಧಾನವಾಗಿದೆಯಂತೆ.

ಆಮೇಲೆ ಬೆಂಗಳೂರಿನಲ್ಲಿ ಸರ್ವರ್ ಕೆಲಸ ಮಾಡುವ ತಂಗಿಯ ಮಗನನ್ನು ಕೇಳಿದೆ. ಅವನು ನಕ್ಕ. ಆ ದೀಪ ತಾನಾಗಿ ಬಣ್ಣ ಬದಲಿಸುತ್ತದೆ ಅಂತ ನಾನು ನಂಬಿದ್ದೆ. ಎಷ್ಟೋ ಕಡೆ ಅದನ್ನು ಬದಲಿಸುವುದು ಮನುಷ್ಯರೇ. ಮೇಲಿನವರು ಹೂಂ ಅಂದ ಮೇಲೆ. ತೊಂದರೆ ಒಪ್ಪಿಕೊಂಡರೆ ದೊಡ್ಡ ಗಿರಾಕಿಗಳಿಗೆ ಪರಿಹಾರ ಕೊಡಬೇಕಾಗುತ್ತದೆ, ಅದಕ್ಕೇ ಕೈ ಹಿಂದೆ ಮುಂದೆ ನೋಡುತ್ತದೆ ಅನ್ನುವುದು ನನ್ನ ಗುಮಾನಿ. ತಾನಾಗಿ ಬದಲಾಗುವ ಕಡೆಯೂ, ಎಷ್ಟೋ ಸಲ ಮುಂಬಾಗಿಲು ತೆರೆಯುತ್ತದಾ ಅಂತ ಮಾತ್ರ ನೋಡುತ್ತದಂತೆ. ಒಳಗೆ ಲೆಕ್ಕ ಉಳಿಯುತ್ತಿದೆಯಾ ಅಂತ ನೋಡುವುದಿಲ್ಲ.

ದೊಡ್ಡವರ ಮನೆಯದೂ ಇದೇ ಕಥೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಅನ್ನುವ ಸಂಗ್ರಹ ಸೇವೆ ಅಮೆರಿಕದ ವರ್ಜೀನಿಯಾದಲ್ಲಿ ಸುಮಾರು ನಾಲ್ಕು ಗಂಟೆ ಕೆಟ್ಟಿತ್ತು. ರಿಪೇರಿ ಮಾಡುತ್ತಿದ್ದವರೊಬ್ಬರು ಕಮಾಂಡ್ ತಪ್ಪಾಗಿ ಕೊಟ್ಟು, ತೆಗೆಯಬೇಕಾದ್ದಕ್ಕಿಂತ ಜಾಸ್ತಿ ಸರ್ವರ್ ತೆಗೆದುಬಿಟ್ಟಿದ್ದರು. ಸ್ಟೇಟಸ್ ಪೇಜ್ ಬದಲಿಸುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ನಿಂತಿತ್ತು. ಹಾಗಾಗಿ ಎಲ್ಲ ಬಿದ್ದಿದ್ದರೂ ದೀಪ ಹಸಿರು. ಕೊನೆಗೆ ಟ್ವಿಟರ್‌ನಲ್ಲಿ ಸುದ್ದಿ ಹೇಳಿದರು. 2025ರ ನವೆಂಬರ್ 18ರ ಸಂಜೆ, ಎಷ್ಟೋ ವೆಬ್‌ಸೈಟ್‌ಗಳಿಗೆ ಮುಂಬಾಗಿಲಿನ ಹಾಗಿರುವ ಕ್ಲೌಡ್‌ಫ್ಲೇರ್ ಅನ್ನುವ ಸೇವೆ ಕೆಟ್ಟಾಗ ಬೇರೆ ಕಡೆ ಇಟ್ಟಿದ್ದ ಅವರ ಸ್ಟೇಟಸ್ ಪೇಜೂ ಕಾಕತಾಳೀಯವಾಗಿ ಅದೇ ಹೊತ್ತಿಗೆ ಬಿತ್ತು. ಯಾರೋ ದಾಳಿ ಮಾಡಿದ್ದಾರೆ ಅಂತ ಅವರೇ ಅನುಮಾನಪಟ್ಟರು. ಯಾವುದು ಕೆಟ್ಟಿದೆ ಅಂತ ಜನ ನೋಡುವ ಡೌನ್‌ಡಿಟೆಕ್ಟರ್ ಕೂಡ ಅವತ್ತು ಸರಿಯಾಗಿ ತೆರೆಯಲಿಲ್ಲ, ಅದೂ ಕ್ಲೌಡ್‌ಫ್ಲೇರ್ ಹಿಂದೆಯೇ ಇತ್ತು.

ಇನ್ನೊಂದು, ವರ್ಷದಲ್ಲಿ '99.9%' ಹೊತ್ತು ಸೇವೆ ಕೆಡದೆ ನಡೆಯುತ್ತದೆ ಅಂತ ಕಂಪನಿಗಳು ಕೊಡುವ ಮಾತು. ಕೇಳಲು ಜೋರಾಗಿದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಕೆಡಬಹುದು ಅಂತ ಅರ್ಥ. ಅಷ್ಟೂ ಸುಗ್ಗಿಯ ಒಂದೇ ರಾತ್ರಿ ಬಂದರೂ ಮಾತು ತಪ್ಪಿದ ಹಾಗಲ್ಲ. ನನಗೆ ಪರಿಹಾರ ಅಂತ ಒಂದು ದಿನದ ಚಂದಾ ವಾಪಸ್ ಕೊಟ್ಟರು. ಏಳು ರೂಪಾಯಿ.

ಈಗ ದಿನಾ ಸಂಜೆ ಸುಲಿಯುವವರು ಏಳುವ ಮೊದಲು ಅವರೆದುರಿಗೇ ಆಪ್‌ನ ಪುಟಕ್ಕೆ ಸ್ಕ್ರೀನ್‌ಶಾಟ್ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಬಾಣ ಹೋಗದಿದ್ದರೆ ಆಪ್ ಮುಟ್ಟುವುದಿಲ್ಲ. ಅದೇ ಆಪ್ ಇಟ್ಟುಕೊಂಡಿರುವ ಕೋಣಂದೂರಿನ ಸ್ನೇಹಿತನಿಗೆ ಮೊದಲು ಫೋನ್ ಮಾಡುತ್ತೇನೆ. ಅವನಿಗೂ ಹಾಗೇ ಆಗಿದ್ದರೆ ಸುಮ್ನೆ ಕಾಯುವುದು, ಪೇಜ್ ಏನೇ ಹೇಳಲಿ. ಪೇಜ್ ನೋಡಲೇಬೇಕಾದರೆ ದೀಪ ಬಿಟ್ಟು, ಅದನ್ನು ಕೊನೆಗೆ ಬದಲಿಸಿದ್ದು ಯಾವಾಗ ಅಂತ ನೋಡಿ.

ಬರುವ ಸುಗ್ಗಿಗೆ ಬೇರೆ ಆಪ್ ಹುಡುಕುತ್ತಿದ್ದೇನೆ. ಮೂರು ಕಂಪನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಆಪ್ ಇರುವ ಜಾಗದಲ್ಲೇ ನಿಮ್ಮ ಸ್ಟೇಟಸ್ ಪೇಜೂ ಇದೆಯಾ? ಇಬ್ಬರು ಡಿಸ್ಕೌಂಟ್ ಬಗ್ಗೆ ಹೇಳಿದರು. ಮೂರನೆಯವರು "ಕೇಳಿ ಹೇಳ್ತೀವಿ" ಅಂದು ಎರಡು ವಾರ ಆಯಿತು.