ಟೊಯೋಟಾ 86 ತಗ್ಗಿಸಿ ನಾಲ್ಕು ವರ್ಷ: ಮೊದಲು ಸ್ಪ್ರಿಂಗ್, ಆಮೇಲೆ ಕಾಯಿಲೋವರ್

ದಿನಾ ಕೆಲಸಕ್ಕೆ ಹೋಗುವುದೂ, ರಜೆಯಲ್ಲಿ ಸುಮ್ನೆ ಸುತ್ತುವುದೂ ಈ ಒಂದೇ ಕಾರಿನಲ್ಲಿ. ಚಕ್ರದ ಮೇಲಿನ ಗ್ಯಾಪ್ ನೋಡಿ ನೋಡಿ ಬೇಜಾರಾಗಿ, 30 ಮಿ.ಮೀ. ಇಳಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ. ಡ್ಯಾಂಪರ್, ಅಂದರೆ ಸ್ಪ್ರಿಂಗ್‌ನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ಕಾರಿನ ಜೊತೆ ಬಂದದ್ದೇ ಇತ್ತು. ನೋಡಲು ಭರ್ಜರಿ. ಕೂತವರ ಸೊಂಟಕ್ಕೆ ಮಾತ್ರ ಗೊತ್ತು.

ಸಣ್ಣ ಉಬ್ಬಿಗೂ ಹಿಂದಿನಿಂದ ದಢ್ ಅಂತ ಹೊಡೆತ. ಸ್ಪ್ರಿಂಗ್ ಗಟ್ಟಿ, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ನಿಜವಾಗಿ ಹೊಡೆಯುತ್ತಿದ್ದದ್ದು ಬಂಪ್ ಸ್ಟಾಪ್, ಡ್ಯಾಂಪರ್ ಪೂರ್ತಿ ಒತ್ತದಂತೆ ತಡೆಯುವ ರಬ್ಬರ್ ತುಂಡು. ಕಾರು ಕೆಳಗೆ ಕೂತಷ್ಟೂ ಡ್ಯಾಂಪರ್ ರಾಡ್ ಒಳಗೆ ಹೋಗಲು ಜಾಗ ಕಮ್ಮಿ. ಸ್ವಲ್ಪ ಒತ್ತಿದರೂ ಆ ರಬ್ಬರ್ ತುಂಡಿಗೆ ಬಡಿಯುತ್ತದೆ. ತಿರುವಿನ ನಡುವೆ ಬಡಿದರೆ ಇನ್ನೂ ಕಷ್ಟ, ಆ ಮೂಲೆ ಒಮ್ಮೆಲೇ ಬಿಗಿಯಾಗಿ ಟೈರ್ ಜಾರುತ್ತದೆ. ವರ್ಷ ತುಂಬುವಷ್ಟರಲ್ಲಿ ಹಿಂದಿನ ಒಂದು ಡ್ಯಾಂಪರ್ ಎಣ್ಣೆ ಕಾರಿತು. ಅಟ್ಟ ಮೇಲೆ ಒಲೆ ಉರಿಯಿತು ಅನ್ನೋ ಹಾಗೆ, ಆಗ ಓದಲು ಕೂತೆ.

ಓದಿದ ಮೇಲೆ ಕಾಯಿಲೋವರ್ ಹಾಕಿಸಲು ಹೊರಟೆ, ಅಂದರೆ ಸ್ಪ್ರಿಂಗ್, ಡ್ಯಾಂಪರ್ ಒಟ್ಟಿಗೇ ಇದ್ದು ಎತ್ತರ ಬದಲಿಸಬಹುದಾದ ಸೆಟ್. ಅದನ್ನು ಆರಿಸುವಾಗ ಎಲ್ಲರೂ ಹೊಗಳುವುದು ಡ್ಯಾಂಪರ್‌ನ ಬಿಗಿ ಹೆಚ್ಚು-ಕಮ್ಮಿ ಮಾಡುವ ಕ್ಲಿಕ್‌ಗಳನ್ನು. ನನ್ನದಕ್ಕೆ 32 ಇವೆ, ನಾನು ಬಳಸುವುದು ಮೂರೋ ನಾಲ್ಕೋ. ನಾನು ನೋಡಿದ್ದು ಬೇರೆ. ಎತ್ತರವನ್ನು ಕೆಳಗಿನ ಬ್ರಾಕೆಟ್ ತಿರುಗಿಸಿಯೇ ಬದಲಿಸಬಹುದೇ? ಹಾಗಿದ್ದರೆ ಕಾರು ಇಳಿಸಿದರೂ ಡ್ಯಾಂಪರ್‌ನ ಓಡಾಟ ಉಳಿಯುತ್ತದೆ. ಹಳೆಯದಾದರೆ ಬಿಚ್ಚಿ ರಿಪೇರಿ ಮಾಡಬಹುದೇ? ಸ್ಪ್ರಿಂಗ್ ರೇಟ್ (ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು) ರಸ್ತೆಗೋ, ಟ್ರ್ಯಾಕ್‌ಗೋ? ಒಂದು ಉಪಾಯ: ಡ್ಯಾಂಪರ್ ರಾಡ್‌ಗೆ ಝಿಪ್ ಟೈ ಕಟ್ಟಿ ಒಂದು ವಾರ ಓಡಿಸಿ. ಅದು ಎಲ್ಲಿಯವರೆಗೆ ಸರಿದಿದೆ ನೋಡಿದರೆ ಎಷ್ಟು ಜಾಗ ಉಳಿದಿದೆ ಅಂತ ಗೊತ್ತಾಗುತ್ತದೆ.

ಆದರೂ ಆಸೆ ಬಿಡಲಿಲ್ಲ, ಮೊದಲು 35 ಮಿ.ಮೀ. ಇಳಿಸಿದೆ. ಈ ಕಾರಿಗೆ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಮೇಲೆ ಡ್ಯಾಂಪರ್, ಕೆಳಗೆ ಲೋಯರ್ ಆರ್ಮ್ ಅನ್ನುವ ತೋಳು ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್. ಜಾಸ್ತಿ ಇಳಿಸಿದರೆ ಲೋಯರ್ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲೆ ಏಳುತ್ತದೆ. ಆಗ ಕಾರಿನ ಭಾರದ ಕೇಂದ್ರಕ್ಕಿಂತ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಹೆಚ್ಚು ಕೆಳಗಿಳಿದು, ಎರಡರ ನಡುವಿನ ಅಂತರ ಹೆಚ್ಚುತ್ತದೆ. ತಗ್ಗಿಸಿದ್ದು ವಾಲದಿರಲಿ ಅಂತ, ಆದರೆ ವಾಲಿಸುವ ಬಲವೇ ಜಾಸ್ತಿ! 20 ಮಿ.ಮೀ.ಗೆ ತಂದೆ, ಸ್ಟೀರಿಂಗ್ ಹದಕ್ಕೆ ಬಂತು. ಮೂರು ವರ್ಷದಿಂದ ಅಲ್ಲೇ ಇದೆ.

ಹಾಕಿಸುವವರು ಬುಶ್ (ತೋಳುಗಳ ಕೀಲಿನಲ್ಲಿರುವ ರಬ್ಬರ್) ಬೋಲ್ಟ್‌ಗಳನ್ನು ಚಕ್ರ ನೆಲ ಮುಟ್ಟಿದ ಸ್ಥಿತಿಯಲ್ಲೇ ಬಿಗಿಸಬೇಕು. ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರಗಳ ಅಲೈನ್‌ಮೆಂಟ್ ಕೂಡಲೇ ಒಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ನಾನು ಎರಡನೆಯದನ್ನು ಬಿಟ್ಟೆ. ಮುಂದಿನ ಟೈರ್‌ಗಳ ಒಳಅಂಚು ಬೋಳಾಯಿತು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಅಂತ ಎಲ್ಲರೂ ಅಂದರು, ಅಳೆದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವುದು) ತಪ್ಪಿತ್ತು.

ದೂರುಗಳೂ ಇವೆ. ಮೂರನೇ ವರ್ಷ ಎತ್ತರವನ್ನು ಬಿಗಿಹಿಡಿಯುವ ಲಾಕ್ ಕಾಲರ್ ಕೆಸರು, ತುಕ್ಕು ಹಿಡಿದು ಅಂಟಿಕೊಂಡಿತು, ಬಿಡಿಸಲು ಅರ್ಧ ದಿನ ಹೋಯಿತು. ಥ್ರೆಡ್ ತೊಳೆದು ಗ್ರೀಸ್ ಹಚ್ಚಿದ್ದರೆ ಈ ಪಾಡಿರಲಿಲ್ಲ. ಡ್ಯಾಂಪರ್‌ನ ಮೇಲ್ತುದಿ ಹಿಡಿಯುವ ಪಿಲ್ಲೋ ಬಾಲ್ ಮೌಂಟ್ (ರಬ್ಬರ್ ಬದಲು ಲೋಹದ ಗುಂಡಿನ ಕೀಲು) ನಿಧಾನಕ್ಕೆ ಹೋಗುವಾಗ ಟಕ ಟಕ ಅನ್ನುತ್ತದೆ. ಹಾಡು ಹಾಕಿದರೆ ಕೇಳಿಸುವುದಿಲ್ಲ ಅನ್ನಿ. ಡ್ಯಾಂಪರ್ ರಿಪೇರಿಗೆ ಬಿಚ್ಚಿದಾಗ ಈ ಮೌಂಟ್ ಜಾಗಕ್ಕೆ ರಬ್ಬರ್ ಮೌಂಟ್ ಹಾಕಿಸುತ್ತೇನೆ. ಎತ್ತರದ ತಂಟೆಗೆ ಮಾತ್ರ ಹೋಗುವುದಿಲ್ಲ.